ಬೀದಿಯ ಕಸದ ಮೂಲೆಯನ್ನು ನಾವೇ ಸರಿಮಾಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ನಮ್ಮ ಬಡಾವಣೆಯ ತಿರುವಿನಲ್ಲಿ ಒಂದು ಕಸದ ಮೂಲೆ ಇತ್ತು. ಖಾಲಿ ಸೈಟಿನ ಕಾಂಪೌಂಡ್, ಅದರ ಮುಂದೆ ಒಡೆದ ಫುಟ್‌ಪಾತ್, ಪಕ್ಕದಲ್ಲಿ ಟ್ರಾನ್ಸ್‌ಫಾರ್ಮರ್. ಒಂದು ಭಾನುವಾರ ಬೆಳಗ್ಗೆ ಇಪ್ಪತ್ತು ಜನ ಸೇರಿ ಗುಡಿಸಿದೆವು. ಹನ್ನೊಂದು ಗಂಟೆಗೆ ನೆಲ ಕಾಣಿಸಿತು. ಫೋಟೊ ತೆಗೆದೆವು, ಇಡ್ಲಿ ತಿಂದೆವು, ಮನೆಗೆ ಹೋದೆವು. ಬುಧವಾರ ಬೆಳಗ್ಗೆ ನೋಡಿದರೆ ಅದೇ ಜಾಗದಲ್ಲಿ ಮತ್ತೆ ಮೊಣಕಾಲುದ್ದ ಕಸ.

ತುಂಬಾ ಬೇಜಾರಾಯಿತು. ಆದರೆ ಆ ಬುಧವಾರವೇ ನನಗೆ ಈ ಕೆಲಸ ಕಲಿಸಿದ್ದು. ಗುಡಿಸುವುದು ಅರ್ಧ ದಿನದ ಕೆಲಸ. ಕಸ ಯಾಕೆ ಆ ಮೂಲೆಯನ್ನೇ ಹುಡುಕಿಕೊಂಡು ಬರುತ್ತದೆ ಎಂದು ತಿಳಿಯುವುದಕ್ಕೆ ಒಂದು ವಾರ ಬೇಕು, ಗುಡಿಸಿದ ಮೇಲೆ ಕಾಯುವುದಕ್ಕೆ ಎರಡು ತಿಂಗಳು ಬೇಕು. ಎರಡನೇ ಸಲ ಹಾಗೆ ಮಾಡಿದೆವು. ಆ ಮೂಲೆಯಲ್ಲಿ ಈಗ ಒಂದು ಕಲ್ಲಿನ ಬೆಂಚಿದೆ, ಸಂಜೆ ಹೊತ್ತು ಅಜ್ಜಂದಿರು ಕೂರುತ್ತಾರೆ. ಅಲ್ಲಿ ಮತ್ತು ಆಮೇಲೆ ಮಾಡಿದ ಬೇರೆ ಮೂಲೆಗಳಲ್ಲಿ ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಈ ದಾರಿ ಹೊಸದೇನಲ್ಲ. 2010ರ ಸುಮಾರಿಗೆ ಬೆಂಗಳೂರಿನಲ್ಲಿ 'ದಿ ಅಗ್ಲಿ ಇಂಡಿಯನ್' ಅನ್ನುವ ಹೆಸರಿನಲ್ಲಿ, ತಮ್ಮ ಸ್ವಂತ ಹೆಸರು ಹೇಳಿಕೊಳ್ಳದ ಜನ, ಒಂದೊಂದೇ ಮೂಲೆ ಹಿಡಿದು ಸರಿಮಾಡಲು ಶುರುಮಾಡಿದರು. 'ಕಾಮ್ ಚಾಲು, ಮುಂಹ್ ಬಂದ್' ಅನ್ನುವುದು ಅವರ ಮಾತು. ಅಂದರೆ ಬಾಯಿ ಮುಚ್ಚಿಕೊಂಡು ಕೆಲಸ ಮಾಡು. ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ 2015ರಲ್ಲಿ ಶುರುಮಾಡಿದ ಭಾನುವಾರದ ಸ್ವಚ್ಛತಾ ಶ್ರಮದಾನವನ್ನೂ ಕರಾವಳಿಯವರು ಬಲ್ಲರು. ದೊಡ್ಡ ಸಂಘಟನೆ ಇದ್ದರೆ ಒಳ್ಳೆಯದೇ. ಆದರೆ ಒಂದು ಮೂಲೆಗೆ ಆರೇಳು ಮನೆಯವರು ಸೇರಿದರೂ ಸಾಕು.

ಮೊದಲು ಒಂದೇ ಒಂದು ಮೂಲೆ ಆರಿಸಿ

ಇಡೀ ರಸ್ತೆಗೆ ಕೈಹಾಕಬೇಡಿ. 30–40 ಅಡಿ ಉದ್ದದ ಜಾಗ ಸಾಕು. ಅದು ನೀವು ದಿನಾ ಹಾಲಿಗೋ ಬಸ್ಸಿಗೋ ಹೋಗುವ ದಾರಿಯಲ್ಲೇ ಇರಬೇಕು. ದೂರದ ಜಾಗವನ್ನು ಒಂದು ದಿನ ಹೋಗಿ ಗುಡಿಸಬಹುದು, ದಿನಾ ಹೋಗಿ ಕಾಯಲು ಆಗುವುದಿಲ್ಲ.

ಕೆಲವು ಜಾಗ ಮೊದಲ ಸಲಕ್ಕೆ ಬೇಡವೇ ಬೇಡ. ರಾಜಕಾಲುವೆಯ ಅಂಚು, ಲಾರಿಗಟ್ಟಲೆ ಕಟ್ಟಡದ ಡೆಬ್ರಿ ಬಿದ್ದಿರುವ ಜಾಗ, ಸಿರಿಂಜು ಬ್ಯಾಂಡೇಜು ಕಾಣುವ ಜಾಗ, ಮಾಲೀಕರ ನಡುವೆ ಕೋರ್ಟು ಕೇಸು ಇರುವ ಜಾಗ. ಇವಕ್ಕೆ ಪಾಲಿಕೆಯ ಯಂತ್ರ, ಪಾಲಿಕೆಯ ಅಧಿಕಾರ ಎರಡೂ ಬೇಕು. ಸ್ವಯಂಸೇವಕರು ಅಲ್ಲಿ ಗಾಯ ಮಾಡಿಕೊಳ್ಳುತ್ತಾರೆ, ಇಲ್ಲವೇ ಜಗಳಕ್ಕೆ ಸಿಕ್ಕಿಕೊಳ್ಳುತ್ತಾರೆ.

ಒಂದು ವಾರ ಸುಮ್ನೆ ನೋಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ದಯವಿಟ್ಟು ಬಿಡಬೇಡಿ. ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಳ್ಳಿ. ಬೆಳಗ್ಗೆ ಐದೂವರೆಯಿಂದ ಎಂಟರವರೆಗೆ, ಆಮೇಲೆ ಹತ್ತು ಗಂಟೆ ಸುಮಾರಿಗೆ, ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ, ಸರದಿಯಲ್ಲಿ ಯಾರಾದರೂ ಒಬ್ಬರು ಆ ಕಡೆ ಕಣ್ಣಿಟ್ಟಿರಲಿ. ಬಾಲ್ಕನಿಯಿಂದ ನೋಡಿದರೂ ಸರಿ. ಯಾರನ್ನೂ ತಡೆಯಬೇಡಿ, ವಿಡಿಯೊ ಮಾಡಬೇಡಿ, ಬೈಯಬೇಡಿ. ಎಷ್ಟು ಹೊತ್ತಿಗೆ ಏನು ಬಂತು, ಎಂಥ ಚೀಲದಲ್ಲಿ ಬಂತು, ನಡೆದು ಬಂದರೋ ಸ್ಕೂಟರಿನಲ್ಲಿ ಬಂದರೋ, ಅಷ್ಟೇ ಬರೆಯಿರಿ.

ನಮ್ಮ ನೋಟ್‌ಬುಕ್‌ನಲ್ಲಿ ಒಂದು ವಾರಕ್ಕೆ ನಾಲ್ಕು ಮೂಲಗಳು ಸಿಕ್ಕವು. ಒಂದು, ಬೆಳಗ್ಗೆ ಏಳೂವರೆಗೇ ಕೆಲಸಕ್ಕೆ ಹೊರಡುವ ಮನೆಗಳು. ಕಸದ ಆಟೊ ಬರುವುದು ಒಂಬತ್ತರ ಮೇಲೆ, ಅಷ್ಟು ಹೊತ್ತಿಗೆ ಅವರ ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಚೀಲವನ್ನು ಹ್ಯಾಂಡಲ್‌ಗೆ ಸಿಕ್ಕಿಸಿಕೊಂಡು ಬಂದು ತಿರುವಿನಲ್ಲಿ ಬಿಟ್ಟು ಹೋಗುತ್ತಿದ್ದರು. ಎರಡು, ಒಂದು ಪಿಜಿ. ಅಲ್ಲಿ ಅಡುಗೆಯವರಿಗೆ ಕಸ ಬೇರೆ ಮಾಡಬೇಕು ಅಂತ ಯಾರೂ ಹೇಳಿಯೇ ಇರಲಿಲ್ಲ, ಕಲಸಿದ ಕಸವನ್ನು ಆಟೊದವರು ತೆಗೆದುಕೊಳ್ಳುತ್ತಿರಲಿಲ್ಲ. ಮೂರು, ಎಳನೀರು ಬುರುಡೆ. ನಾಲ್ಕನೆಯದು ನಾವು ಯಾರೂ ಎಣಿಸಿರದದ್ದು: ಗುಡಿಸಿದ ಕಸದ ಗುಡ್ಡೆಯೇ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಇದರಲ್ಲಿ ಕೆಟ್ಟವರು ಯಾರು ಹೇಳಿ? ಯಾರೂ ಇಲ್ಲ. ಕಸ ಕೈಯಲ್ಲಿರುವ ಹೊತ್ತಿಗೆ ಅದನ್ನು ತೆಗೆದುಕೊಳ್ಳುವವರು ಇಲ್ಲ, ಅಷ್ಟೇ. ಒಂದು ಚೀಲ ಬಿದ್ದರೆ ನೋಡಿದವರು ಎರಡನೆಯದು ಹಾಕುತ್ತಾರೆ, ರಾತ್ರಿ ನಾಯಿಗಳು ಅದನ್ನು ಹರಿದು ಹರಡುತ್ತವೆ, ಬೆಳಗ್ಗೆ ಅದು ತಿಪ್ಪೆಯಾಗಿರುತ್ತದೆ.

ಮೂಲ ಗೊತ್ತಾದ ಮೇಲೆ ಒಂದೊಂದಕ್ಕೂ ಒಂದು ದಾರಿ ಹುಡುಕಿ, ಗುಡಿಸುವ ದಿನಕ್ಕಿಂತ ಮೊದಲೇ. ಬೇಗ ಹೊರಡುವ ಮನೆಗಳಿಗೆ ಪಕ್ಕದ ಮನೆಯವರು ಆಸರೆಯಾದರು. ಮುಚ್ಚಳವಿರುವ ಬಕೆಟ್ಟುಗಳನ್ನು ಗೇಟಿನ ಒಳಗಡೆ ಇಟ್ಟು ಹೋದರೆ ಆಟೊ ಬಂದಾಗ ಇವರು ಕೊಡುತ್ತಾರೆ. ಪಿಜಿಗೆ ಇಬ್ಬರು ಹೋಗಿ ಮಾಲೀಕರ ಜೊತೆಗೂ ಅಡುಗೆಯವರ ಜೊತೆಗೂ ಕೂತು ಮಾತಾಡಿದೆವು. ಹೈಕೋರ್ಟ್ 2015ರಲ್ಲೇ ಬೆಂಗಳೂರಿಗೆ 'ಎರಡು ಬಕೆಟ್, ಒಂದು ಚೀಲ' ಅಂತ ಹೇಳಿತ್ತು: ಹಸಿ ಕಸಕ್ಕೆ ಹಸಿರು ಬಕೆಟ್, ಡೈಪರ್ ಪ್ಯಾಡ್ ಥರದ್ದಕ್ಕೆ ಕೆಂಪು ಬಕೆಟ್, ಒಣ ಕಸಕ್ಕೆ ಚೀಲ. ಅದನ್ನು ಅವರ ಅಡುಗೆಮನೆಯಲ್ಲೇ ಜೋಡಿಸಿ ತೋರಿಸಿದೆವು. ಹೇಳುವುದಕ್ಕಿಂತ ಜೋಡಿಸಿ ತೋರಿಸುವುದು ಸಾವಿರ ಪಾಲು ಮೇಲು.

ಪೌರಕಾರ್ಮಿಕರನ್ನು ಕೇಳದೆ ಹೆಜ್ಜೆ ಇಡಬೇಡಿ

ಆ ನಾಲ್ಕನೆಯ ಮೂಲದ ಬಗ್ಗೆ ಹೇಳಿದೆನಲ್ಲ. ನಮ್ಮ ಬೀದಿ ಗುಡಿಸುವ ಅಕ್ಕ ದಿನಾ ಬೆಳಗ್ಗೆ ಎಲೆ, ಧೂಳು, ಕಾಗದ ಎಲ್ಲ ಸೇರಿಸಿ ಅದೇ ತಿರುವಿನಲ್ಲಿ ಗುಡ್ಡೆ ಹಾಕುತ್ತಿದ್ದರು. ನಾನು ಹೋಗಿ ಕೇಳಿದೆ, "ಅಕ್ಕ, ಇದನ್ನ ಇಲ್ಲೇ ಯಾಕೆ ಹಾಕ್ತೀರಿ?" ಅವರು ಪೊರಕೆ ನಿಲ್ಲಿಸಿ ಹೇಳಿದರು, "ಎತ್ತೋ ಗಾಡಿ ಬರೋದು ಹತ್ತಕ್ಕೆ ಸಾರ್. ನಾವು ಗುಡಿಸೋದು ಆರೂವರೆಗೆ. ಅಲ್ಲೀವರೆಗೂ ಎಲ್ಲಿಡ್ಲಿ ನೀವೇ ಹೇಳಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರ ಹತ್ತಿರ ಇತ್ತು! ದಪ್ಪ ಗೋಣಿಚೀಲ ಕೊಟ್ಟರೆ ಗುಡಿಸಿದ್ದನ್ನು ಅದರಲ್ಲಿ ತುಂಬಿ ಬಾಯಿ ಕಟ್ಟಿ ಇಡುತ್ತೇನೆ, ಗುಡ್ಡೆ ಕಾಣದಿದ್ದರೆ ಯಾರೂ ಅದರ ಮೇಲೆ ಎಸೆಯುವುದಿಲ್ಲ ಅಂದರು. ಅಕ್ಕಿ ಅಂಗಡಿಯಿಂದ ಖಾಲಿ ಚೀಲ ತಂದು ಕೊಟ್ಟೆವು. ನಮ್ಮ ಮೂಲೆಯ ಅರ್ಧ ಕಸ ಆ ಒಂದು ಮಾತಿನಿಂದ ನಿಂತಿತು.

ಹಾಗಾಗಿ ಪೌರಕಾರ್ಮಿಕರ ಜೊತೆ, ಅವರ ಮೇಸ್ತ್ರಿಯ ಜೊತೆ, ಆಟೊ ಓಡಿಸುವವರ ಜೊತೆ ಮೊದಲೇ ಮಾತಾಡಿ. ಅವರ ಕೆಲಸದ ಮಧ್ಯೆ ನಿಲ್ಲಿಸಬೇಡಿ, ಕಾಫಿ ಕುಡಿಯುವ ಹೊತ್ತಿಗೆ ಹೋಗಿ. ಆಟೊ ಯಾವ ದಿನ ಒಣ ಕಸಕ್ಕೆ ಬರುತ್ತದೆ, ಯಾವ ಮನೆಯಿಂದ ಕಸ ಬರುವುದಿಲ್ಲ, ಹಿಂದೆ ಯಾರಾದರೂ ಈ ಮೂಲೆ ಸರಿಮಾಡಲು ನೋಡಿದ್ದರಾ, ಇದೆಲ್ಲ ಅವರಿಗೆ ಬಾಯಿಪಾಠ. ನೀವು ಗುಡಿಸುವ ದಿನ ಭಾನುವಾರವಾದರೆ ಅವರನ್ನು ದುಡಿಮೆಗೆ ಕರೆಯಬೇಡಿ. ಅದು ಅವರಿಗೆ ಸಿಗುವ ಬಿಡುವು. ಕುಡಿಯಲು ನೀರು, ಬಳಸಲು ಶೌಚಾಲಯ ನಿಮ್ಮ ಬೀದಿಯಲ್ಲಿ ಅವರಿಗೆ ಸಿಗುತ್ತದಾ ಅಂತ ಕೇಳಿ. ಎಷ್ಟೋ ಬೀದಿಗಳಲ್ಲಿ ಸಿಗುವುದಿಲ್ಲ. ದಿನಾ ನಮ್ಮ ಕಸ ಎತ್ತುವವರಿಗೆ ನಾವು ಕೊಡಬಹುದಾದ ಕನಿಷ್ಠ ಮರ್ಯಾದೆ ಅದು ಅಂತ ನಾನು ನಂಬುತ್ತೇನೆ.

ಅನುಮತಿ

ಗೋಡೆ ಯಾರದ್ದೋ ಅವರನ್ನು ಕೇಳಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಎರಡು ಸಾಲಿನ ವಾಟ್ಸಾಪ್ ಮೆಸೇಜ್ ಇದ್ದರೂ ಆದೀತು. ಸರ್ಕಾರಿ ಗೋಡೆಯಾದರೆ ಆ ಕಚೇರಿಗೆ ಪತ್ರ. ರಸ್ತೆ, ಫುಟ್‌ಪಾತ್ ಪಾಲಿಕೆಯದ್ದು, ಆದ್ದರಿಂದ ವಾರ್ಡ್ ಎಂಜಿನಿಯರ್‌ಗೂ ಆರೋಗ್ಯ ನಿರೀಕ್ಷಕರಿಗೂ ಒಂದು ಪುಟದ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ನಗರ ಪಾಲಿಕೆಗಳು ಬಂದಿವೆ. ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಅಂತ ನೋಡಿಕೊಂಡು ಬರೆಯಿರಿ.

ಪತ್ರದಲ್ಲಿ ದೂರು ಬೇಡ. ದಿನ, ಸಮಯ, ಜಾಗ, ಎಷ್ಟು ಜನ, ಏನು ಮಾಡುತ್ತೇವೆ, ಪಾಲಿಕೆಯಿಂದ ಏನು ಬೇಕು, ಅಷ್ಟು ಸಾಕು. ಬೇಕಾಗುವುದು ಸಾಮಾನ್ಯವಾಗಿ ಒಂದೇ: ಎತ್ತಿದ ಕಸ ಸಾಗಿಸಲು ಒಂದು ಟಿಪ್ಪರ್. ಗಾಡಿ ಖಚಿತವಾಗದೆ ದಿನಾಂಕ ಗೊತ್ತುಮಾಡಬೇಡಿ. ಕಸವನ್ನೆಲ್ಲ ಚೀಲಕ್ಕೆ ತುಂಬಿಟ್ಟು ಗಾಡಿ ಬರದೆ ಸಂಜೆಯಾದರೆ ನಾಯಿಗಳು ಆ ಚೀಲಗಳನ್ನು ಬಿಡುವುದಿಲ್ಲ.

ಟ್ರಾನ್ಸ್‌ಫಾರ್ಮರ್, ಕಂಬ, ನೇತಾಡುವ ವೈರು ಇದ್ದರೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಮೊದಲೇ ಹೇಳಿ. ಟ್ರಾನ್ಸ್‌ಫಾರ್ಮರ್ ಬೇಲಿಯ ಒಳಗೆ ಎಷ್ಟೇ ಕಸ ಇರಲಿ, ನೀವು ಕೈ ಹಾಕಬಾರದು. ಅದು ಅವರ ಲೈನ್‌ಮನ್ ಬಂದು ಮಾಡಬೇಕಾದ ಕೆಲಸ.

ಸಾಮಾನು, ದುಡ್ಡು, ಜನ

ಹದಿನೈದು ಜನರ ತಂಡಕ್ಕೆ ನಾನು ಇಟ್ಟುಕೊಳ್ಳುವ ಪಟ್ಟಿ:

- ಸಲಿಕೆ 4, ಗುದ್ದಲಿ 2, ಹಾರೆ 1, ಕಬ್ಬಿಣದ ಬಾಂಡ್ಲಿ 6
- ತೆಂಗಿನ ಕಡ್ಡಿ ಪೊರಕೆ 6, ಉದ್ದ ಹಿಡಿಯ ಕುಂಚ ಪೊರಕೆ 2
- ದಪ್ಪ ರಬ್ಬರ್ ಕೈಗವಸು ಪ್ರತಿಯೊಬ್ಬರಿಗೂ ಒಂದು ಜೊತೆ, ಮೇಲೆ ನಾಲ್ಕು ಜೊತೆ ಹೆಚ್ಚಿಗೆ
- ಮಾಸ್ಕು, ಬೂಟು (ಚಪ್ಪಲಿಯಲ್ಲಿ ಬಂದವರಿಗೆ ನೀರು, ಬಣ್ಣದ ಕೆಲಸ ಕೊಡಿ)
- ಗೋಣಿಚೀಲ 40, ಒಂದು ದಪ್ಪ ಪ್ಲಾಸ್ಟಿಕ್ ಡಬ್ಬ ಒಡೆದ ಗಾಜಿಗೆ
- ಸೋಪು, ಎರಡು ಡ್ರಮ್ ನೀರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ

ಸಲಿಕೆ ಗುದ್ದಲಿ ಬಾಂಡ್ಲಿ ಕೊಳ್ಳಬೇಡಿ. ಕಟ್ಟಡದ ಕೆಲಸಕ್ಕೆ ಬಾಡಿಗೆಗೆ ಕೊಡುವ ಅಂಗಡಿಗಳು ಎಲ್ಲ ಕಡೆ ಇವೆ. ದುಡ್ಡು ಹೆಚ್ಚು ಹೋಗುವುದು ಬಣ್ಣಕ್ಕೆ. ಅದನ್ನು ಬೀದಿಯ ಮನೆಗಳಿಂದಲೇ ಎತ್ತಿ. ನೂರೋ ಇನ್ನೂರೋ ಕೊಟ್ಟವರು ಆ ಗೋಡೆ ನಮ್ಮದು ಅಂದುಕೊಳ್ಳುತ್ತಾರೆ. ದೊಡ್ಡ ಕಂಪನಿ ಒಂದೇ ಕೊಟ್ಟರೆ ಆ ಭಾವನೆ ಬರುವುದಿಲ್ಲ, ಜೊತೆಗೆ ಅವರ ಬೋರ್ಡು ಹಾಕುವ ಕಿರಿಕಿರಿ. ಖರ್ಚಿನ ಬಿಲ್ಲುಗಳನ್ನು ಅದೇ ದಿನ ಎಲ್ಲರಿಗೂ ಕಳಿಸಿ. ದುಡ್ಡಿನ ಲೆಕ್ಕದಲ್ಲಿ ಒಂದು ಸಲ ಅನುಮಾನ ಬಂದರೆ ತಂಡ ಮತ್ತೆ ಸೇರುವುದಿಲ್ಲ.

ಗುಡಿಸುವ ಬೆಳಗ್ಗೆ

ಆರೂವರೆಗೆ ಶುರುಮಾಡಿ, ಹತ್ತೂವರೆಗೆ ನಿಲ್ಲಿಸಿ. ಬಿಸಿಲು ಏರಿದ ಮೇಲೆ ಜನ ಸುಸ್ತಾಗುತ್ತಾರೆ, ಸುಸ್ತಾದಾಗಲೇ ಗಾಯ ಆಗುವುದು.

ಮೊದಲ ಹತ್ತು ನಿಮಿಷ ಕೆಲವು ಮಾತು ಗಟ್ಟಿಯಾಗಿ ಹೇಳಿ. ಯಾರೂ ಚೀಲವನ್ನು ಕೈಯಿಂದ ಒತ್ತಬಾರದು, ಒಳಗೆ ಗಾಜು ಇರಬಹುದು. ಚೀಲವನ್ನು ಮೈಗೆ ತಾಗಿಸಿಕೊಂಡು ಎತ್ತಬಾರದು. ಹಳೆಯ ಗುಡ್ಡೆಯನ್ನು ಮೊದಲು ಉದ್ದ ಕೋಲಿನಿಂದ ಕೆದಕಿ. ಹಾವು, ಚೇಳು, ಹೆಗ್ಗಣ ಎಲ್ಲ ಇರುತ್ತವೆ. ಗಾಯವಾದರೆ ತಕ್ಷಣ ಸೋಪು ನೀರಲ್ಲಿ ತೊಳೆದು ವೈದ್ಯರ ಹತ್ತಿರ ಹೋಗಿ ಟಿಟಿ ಇಂಜೆಕ್ಷನ್ ಬೇಕಾ ಕೇಳಿ. ಕಾಲಲ್ಲಿ ಗಾಯ ಇರುವವರು ಕೊಚ್ಚೆ ನೀರಿಗೆ ಇಳಿಯಬೇಡಿ, ಇಲಿ ಜ್ವರ ಬರುವುದು ಹಾಗೆಯೇ. ಸಿರಿಂಜು ಕಂಡರೆ ಅಲ್ಲೇ ನಿಲ್ಲಿಸಿ, ಇಕ್ಕಳದಿಂದ ಎತ್ತಿ ಗಟ್ಟಿ ಡಬ್ಬಕ್ಕೆ ಹಾಕಿ ಆರೋಗ್ಯ ನಿರೀಕ್ಷಕರಿಗೆ ಕೊಡಿ.

ಇನ್ನೊಂದು ಮಾತು, ಇದನ್ನು ಯಾರೂ ಮೀರಬಾರದು. ಮ್ಯಾನ್‌ಹೋಲ್ ಮುಚ್ಚಳ ತೆಗೆಯಬೇಡಿ, ಮೋರಿಯೊಳಗೆ ಇಳಿಯಬೇಡಿ, ಯಾರನ್ನೂ ದುಡ್ಡು ಕೊಟ್ಟು ಇಳಿಸಬೇಡಿ. ಒಳಗಿನ ಗಾಳಿ ಜೀವ ತೆಗೆಯುತ್ತದೆ. ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಮೋರಿ ಕಟ್ಟಿದ್ದರೆ ಯಂತ್ರದ ಗಾಡಿ ಕರೆಸಿ, ಅದಕ್ಕೆ ಎಷ್ಟು ದಿನವಾದರೂ ಸರಿ. ಚರಂಡಿಯ ಮೇಲಿನ ಕಲ್ಲು ಚಪ್ಪಡಿಯನ್ನೂ ಎತ್ತಲು ಹೋಗಬೇಡಿ. ನೋಡಲು ಸಣ್ಣದು, ಬೆರಳು ಸಿಕ್ಕಿದರೆ ಜಜ್ಜಿ ಹೋಗುತ್ತದೆ.

ಈಗ ವಿಂಗಡಣೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಗಾಡಿಗೆ ಹಾಕುವುದು ಸುಲಭ. ಆದರೆ ಆ ಗಾಡಿ ಹೋಗುವುದು ಯಾವುದೋ ಹಳ್ಳಿಯ ಪಕ್ಕಕ್ಕೆ. ಮಾವಳ್ಳಿಪುರದ ಜನ, ಮಂಡೂರಿನ ಜನ ವರ್ಷಗಟ್ಟಲೆ ಬೆಂಗಳೂರಿನ ಕಲಸಿದ ಕಸದ ನಾತ ಕುಡಿದರು. ಮಾವಳ್ಳಿಪುರಕ್ಕೆ ಕಸ ಹೋಗುವುದು 2012ರಲ್ಲಿ ನಿಂತಿತು, ಮಂಡೂರಿನವರು ರಸ್ತೆಗಿಳಿದು ಹೋರಾಡಿ 2014ರ ಕೊನೆಗೆ ಲಾರಿಗಳನ್ನು ನಿಲ್ಲಿಸಿದರು. ನಮ್ಮ ಮೂಲೆಯ ತಿಪ್ಪೆಯನ್ನು ಇನ್ನೊಬ್ಬರ ಊರಿಗೆ ಸಾಗಿಸಿ ನಾವು ಸ್ವಚ್ಛ ಅಂದುಕೊಳ್ಳುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಆದ್ದರಿಂದ ಐದು ರಾಶಿ ಮಾಡಿ. ಬಾಟಲಿ, ರಟ್ಟು, ತೊಳೆದರೆ ಶುಚಿಯಾಗುವ ಪ್ಲಾಸ್ಟಿಕ್ ಒಣ ಕಸ ಸಂಗ್ರಹ ಕೇಂದ್ರಕ್ಕೆ. ಎಲೆ, ಕಡ್ಡಿ ಗೊಬ್ಬರಕ್ಕೆ. ಇಟ್ಟಿಗೆ ಚೂರು, ಟೈಲ್ಸ್, ಸಿಮೆಂಟು ಬೇರೆ ಚೀಲಕ್ಕೆ, ಅದನ್ನು ಡೆಬ್ರಿ ಅಂತ ಹೇಳಿಯೇ ಕೊಡಬೇಕು. ಗಾಜು ಡಬ್ಬಕ್ಕೆ. ಉಳಿದ ಕೊಳೆತದ್ದು, ಡೈಪರ್, ಹರಿದ ಬಟ್ಟೆ ಟಿಪ್ಪರ್‌ಗೆ. ಹಳೆಯ ತಿಪ್ಪೆಯಲ್ಲಿ ಪೂರ್ತಿ ಬೇರೆ ಮಾಡಲು ಆಗುವುದಿಲ್ಲ ಅನ್ನುವುದು ನಿಜ. ಆದಷ್ಟು ಮಾಡಿ.

ತೆಂಗಿನ ಚಿಪ್ಪು, ಟೈರು, ಐಸ್‌ಕ್ರೀಮ್ ಕಪ್ಪು, ಎಸೆದ ಕಮೋಡು, ಇವುಗಳಲ್ಲಿ ನಿಂತ ನೀರನ್ನು ಮೊದಲು ಚೆಲ್ಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿ ನೀರಲ್ಲೇ ಮೊಟ್ಟೆ ಇಡುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ, ಹತ್ತು ದಿನ ಸಾಕು.

ಯಾರಾದರೂ ಬೆಂಕಿ ಹಚ್ಚೋಣ, ಬೇಗ ಮುಗಿಯುತ್ತೆ ಅಂದೇ ಅನ್ನುತ್ತಾರೆ. ಒಪ್ಪಬೇಡಿ. ಪ್ಲಾಸ್ಟಿಕ್ ಹೊಗೆ ಮಕ್ಕಳ ಶ್ವಾಸಕ್ಕೆ ಹೋಗುತ್ತದೆ. ಬಯಲಲ್ಲಿ ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ 5,000 ರೂಪಾಯಿ ದಂಡ ಹಾಕಬೇಕೆಂದು ಹೇಳಿದೆ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000.

ನೆಲ ಕಂಡ ಮೇಲೆ ಬ್ಲೀಚಿಂಗ್ ಪುಡಿ ಉದುರಿಸಿ ಬಿಟ್ಟುಬಿಡುತ್ತಾರೆ. ಅದಕ್ಕೆ ಮೊದಲು ತಗ್ಗು ಮುಚ್ಚಿ. ಗುಂಡಿ ಇದ್ದರೆ ಅದರಲ್ಲಿ ಮತ್ತೆ ಕಸ ನಿಲ್ಲುತ್ತದೆ. ಮಣ್ಣು, ಜಲ್ಲಿಪುಡಿ ತುಂಬಿಸಿ, ನೀರು ಹಾಕಿ, ದಿಮ್ಮಿಸಿ ಸಮ ಮಾಡಿ.

ಬಣ್ಣ ಅದೇ ದಿನ ಬೀಳಬೇಕು

ಗುಡಿಸಿದ ಜಾಗ ಒಂದು ರಾತ್ರಿ ಹಾಗೇ ಖಾಲಿ ಉಳಿದರೆ, ಅದು ಖಾಲಿಯಾದ ತಿಪ್ಪೆಯಂತೆ ಕಾಣುತ್ತದೆ. ಗೋಡೆಗೆ ಬಣ್ಣ ಬಿದ್ದರೆ ಬೇರೆ ಯಾವುದೋ ಜಾಗದಂತೆ ಕಾಣುತ್ತದೆ. ರಾತ್ರಿ ಚೀಲ ಹಿಡಿದು ಬಂದವರ ಕೈ ಒಂದು ಕ್ಷಣ ತಡೆಯುವುದು ಅದಕ್ಕೇ.

ಮೊದಲ ತಂಡ ಗುಡಿಸುತ್ತಿರುವಾಗಲೇ ಎರಡನೇ ತಂಡ ಗೋಡೆ ಕೆರೆಯಲಿ. ಹಳೆಯ ಪೋಸ್ಟರ್‌ಗಳಿಗೆ ನೀರು ಚಿಮುಕಿಸಿ ಹದಿನೈದು ನಿಮಿಷ ಬಿಟ್ಟು ಸ್ಕ್ರೇಪರ್ ಪಟ್ಟಿಯಿಂದ ಕೆರೆದರೆ ಸುಲಭವಾಗಿ ಬರುತ್ತವೆ. ತಂತಿ ಬ್ರಷ್‌ನಿಂದ ಪಾಚಿ ತೆಗೆಯಿರಿ. ಸಡಿಲವಾದ ಗಾರೆಯ ಮೇಲೆ ಬಣ್ಣ ಹಚ್ಚಬೇಡಿ, ಒಂದೇ ಮಳೆಗೆ ಸಿಪ್ಪೆಯಂತೆ ಏಳುತ್ತದೆ. ಗೋಡೆಯಿಂದ ನೀರು ಹೊರಗೆ ಬರಲು ಬಿಟ್ಟ ತೂತುಗಳನ್ನು ಮುಚ್ಚಬೇಡಿ.

ಬಣ್ಣದ ಲೆಕ್ಕ ಹೀಗೆ. ಉದ್ದ ಗುಣಿಸು ಎತ್ತರ. 40 ಅಡಿ ಉದ್ದ, 5 ಅಡಿ ಎತ್ತರದ ಗೋಡೆ 200 ಚದರ ಅಡಿ. ಒರಟು ಗೋಡೆಗೆ ಎರಡು ಕೋಟ್ ಹೊಡೆಯಲು ಲೀಟರ್‌ಗೆ ಸುಮಾರು 50 ಚದರ ಅಡಿ ಅಂತ ಹಿಡಿದರೆ 4 ಲೀಟರ್ ಎಕ್ಸ್‌ಟೀರಿಯರ್ ಎಮಲ್ಷನ್ ಬೇಕು. ಅದರ ಕೆಳಗೆ ಒಂದು ಕೋಟ್ ಪ್ರೈಮರ್. ಒಳಗೋಡೆಗೆ ಬಳಸುವ ಡಿಸ್ಟೆಂಪರ್ ಅಗ್ಗ ಅಂತ ತರಬೇಡಿ, ಹೊರಗೆ ನಿಲ್ಲುವುದಿಲ್ಲ. ದುಡ್ಡು ಕಡಿಮೆ ಇದ್ದರೆ ಸುಣ್ಣವೇ ಚೆನ್ನ, ವರ್ಷಕ್ಕೊಮ್ಮೆ ಹೊಡೆಯಲು ತಯಾರಿರಬೇಕು ಅಷ್ಟೇ. ಒಂದು ಕೋಟ್ ಆದ ಮೇಲೆ ನಾಲ್ಕು ಗಂಟೆಯಾದರೂ ಒಣಗಬೇಕು, ಆದ್ದರಿಂದ ಬೆಳಗ್ಗೆ ಪ್ರೈಮರ್, ಸಂಜೆ ಬಣ್ಣದ ಮೊದಲ ಕೋಟ್, ಎರಡನೆಯದು ಮಾರನೇ ದಿನ. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಒಣ ದಿನಗಳು ಬೆಂಗಳೂರಿಗೆ ಸರಿಯಾದ ಕಾಲ.

ಗೋಡೆಯ ಕೆಳಗಿನ ಎರಡು, ಎರಡೂವರೆ ಅಡಿಗೆ ಕೆಮ್ಮಣ್ಣಿನ ಬಣ್ಣ, ಮೇಲೆ ತಿಳಿ ಬಣ್ಣ. ಇದು ತುಂಬ ಯೋಚಿಸಿ ಮಾಡಿದ ಆಯ್ಕೆ. ಕೆಸರು ಸಿಡಿಯುವುದು, ಎಲೆಅಡಿಕೆ ಉಗಿಯುವುದು ಕೆಳಗಿನ ಭಾಗಕ್ಕೆ. ಕೆಮ್ಮಣ್ಣಿನ ಮೇಲೆ ಅದು ಎದ್ದು ಕಾಣುವುದಿಲ್ಲ, ಗೋಡೆ ಬೇಗ ಹಳೆಯದಾಗಿ ಕಾಣುವುದಿಲ್ಲ. ದೇವಸ್ಥಾನದ ಗೋಡೆಯ ಕೆಂಪು ಬಿಳಿ ನೋಡಿ ಬೆಳೆದ ಕಣ್ಣಿಗೆ ಆ ಜೋಡಿ ಶುಚಿಯಾಗಿಯೇ ಕಾಣುತ್ತದೆ ಅಲ್ವಾ?

ಚಿತ್ರ ಬೇಕು ಅನ್ನಿಸಿದರೆ ನನ್ನ ಮೆಚ್ಚಿನದು ಮಲೆನಾಡಿನ ಹಸೆ ಚಿತ್ತಾರ. ಸಾಗರ, ಸೊರಬದ ಕಡೆ ದೀವರ ಮನೆಗಳ ಗೋಡೆಯಲ್ಲಿ ಹೆಣ್ಣುಮಕ್ಕಳು ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಬರೆಯುವ ಚಿತ್ರ ಅದು. ನೇರ ಗೆರೆ, ಏಣಿಯಂಥ ಸಾಲು, ಚೌಕ, ತ್ರಿಕೋನ. ಚಿತ್ರ ಬರೆಯಲು ಬಾರದವರೂ ಮಾಸ್ಕಿಂಗ್ ಟೇಪ್ ಅಂಟಿಸಿ ಆ ಗೆರೆಗಳನ್ನು ಎಳೆಯಬಹುದು. ನಾಲ್ಕನೇ ಕ್ಲಾಸಿನ ಮಕ್ಕಳು ಕೂಡ ಬರೆದರು ನಮ್ಮಲ್ಲಿ. ಆದರೆ ಬರೆದದ್ದು ಯಾರ ಕಲೆ ಅಂತ ಗೋಡೆಯ ಮೂಲೆಯಲ್ಲಿ ಒಂದು ಸಾಲು ಬರೆಯಿರಿ, ಕೈಲಾದರೆ ಆ ಕಲೆ ಬಲ್ಲವರನ್ನೇ ದುಡ್ಡು ಕೊಟ್ಟು ಕರೆಸಿ.

ದೇವರ ಟೈಲ್ಸ್ ಅಂಟಿಸುವುದು ಬೇಡ ಅನ್ನುತ್ತೇನೆ. ಮೂತ್ರ ಮಾಡುವವರನ್ನು ತಡೆಯಲು ಎಲ್ಲ ಕಡೆ ಅದನ್ನೇ ಮಾಡುತ್ತಾರೆ. ದೇವರ ಪಟದ ಮುಂದೆಯೇ ಒಂದು ದಿನ ಯಾರಾದರೂ ಕಸ ಹಾಕಿದರೆ ಮಾತು ಕಸದಿಂದ ಜಗಳಕ್ಕೆ ತಿರುಗುತ್ತದೆ. ಅಲ್ಲಿ ಜನ ಮೂತ್ರಕ್ಕೆ ನಿಲ್ಲುವುದು ಸುತ್ತ ಶೌಚಾಲಯ ಇಲ್ಲದ್ದಕ್ಕೆ. ಆಟೊ ಚಾಲಕರು, ಡೆಲಿವರಿ ಹುಡುಗರು ಎಲ್ಲಿಗೆ ಹೋಗಬೇಕು? ಪಕ್ಕದ ಹೋಟೆಲ್ಲಿನವರನ್ನು ಒಪ್ಪಿಸಿ 'ಶೌಚಾಲಯ ಇಲ್ಲಿದೆ' ಅಂತ ಬಾಣದ ಗುರುತು ಬರೆದರೆ ಬೈಗುಳದ ಬೋರ್ಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೂರಲು ಜಾಗ, ಬೆಳಕು, ನಾಲ್ಕು ಗಿಡ

ಜನ ಕೂರುವ ಜಾಗದಲ್ಲಿ ಕಸ ಬೀಳುವುದು ಕಡಿಮೆ. ಫುಟ್‌ಪಾತ್‌ನಲ್ಲಿ ನಡೆಯುವವರಿಗೆ, ಗಾಲಿಕುರ್ಚಿಗೆ ಐದಾರು ಅಡಿ ದಾರಿ ಬಿಟ್ಟು, ಉಳಿದ ಕಡೆ ಎರಡು ಕಲ್ಲಿನ ಕಾಲು, ಮೇಲೊಂದು ಚಪ್ಪಡಿ. ಅಷ್ಟು ಜಾಗ ಇಲ್ಲದಿದ್ದರೆ ಬೆಂಚು ಬೇಡ. ಬೀದಿ ದೀಪ ಉರಿಯದಿದ್ದರೆ ಮೊದಲು ಅದರ ಹಿಂದೆ ಬೀಳಿ. ರಾತ್ರಿ ಕಸ ಹಾಕುವವರು ಕತ್ತಲನ್ನೇ ಹುಡುಕುತ್ತಾರೆ, ಹೆಣ್ಣುಮಕ್ಕಳು ಆ ದಾರಿ ಬಿಡುವುದೂ ಅದೇ ಕತ್ತಲಿಗೆ.

ಗಿಡಗಳಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ನರ್ಸರಿಯಿಂದ ಚೆಂದದ ಹೂವಿನ ಕುಂಡ ತಂದು ಇಡುತ್ತಾರೆ, ವಾರದಲ್ಲಿ ಒಣಗುತ್ತವೆ ಇಲ್ಲವೇ ಕಳುವಾಗುತ್ತವೆ. ಒಣಗಿದ ಕುಂಡ ಕಸದ ಡಬ್ಬ ಆಗಿಬಿಡುತ್ತದೆ. ನೆಲದಲ್ಲೇ ನೆಡಿ. ಕಾಶಿ ಕಣಗಿಲೆ, ಕತ್ತಾಳೆ ಜಾತಿಯ ಸಣ್ಣ ಗಿಡ, ದಾಸವಾಳ ಒಳ್ಳೆಯವು. ಕಾಶಿ ಕಣಗಿಲೆಗೆ ನೀರು ಕಡಿಮೆ ಸಾಕು, ದನಗಳು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ದೊಡ್ಡ ಕಣಗಿಲೆ ಮಾತ್ರ ಬೇಡ, ದನಕ್ಕೂ ಮಕ್ಕಳಿಗೂ ಅದು ವಿಷ. ನೀರಿಗೆ ತರಕಾರಿ ತೊಳೆದ ನೀರು, ಆರ್‌ಒ ಯಂತ್ರ ಬಿಡುವ ನೀರು ಸಾಕು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಂದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂದಿತ್ತು. ಅಂಥ ಬೇಸಿಗೆ ಮತ್ತೆ ಬರಬಹುದು ಅಂತ ಎಣಿಸಿಯೇ ಗಿಡ ಆರಿಸಿ.

ಇರುವ ಮರಕ್ಕೆ ಬಣ್ಣ ಬಳಿಯಬೇಡಿ, ಮೊಳೆ ಹೊಡೆಯಬೇಡಿ, ಬುಡಕ್ಕೆ ಸಿಮೆಂಟು ಹಾಕಬೇಡಿ. ಬುಡದ ಸುತ್ತ ಒಂದು ಮೀಟರ್ ಮಣ್ಣು ತೆರೆದಿರಲಿ.

ಮೂಲೆಯಲ್ಲಿ ತಳ್ಳುಗಾಡಿಯವರು, ಎಳನೀರಿನವರು ಇದ್ದರೆ ಅಂದ ಕೆಡುತ್ತದೆ ಅಂತ ಓಡಿಸಲು ಹೋಗಬೇಡಿ. ಅವರಿಗೆ ಅಲ್ಲಿ ದುಡಿಯುವ ಹಕ್ಕನ್ನು 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಕಾಪಾಡುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ಇರುವವರು ಅವರೊಬ್ಬರೇ. ನಮ್ಮ ಎಳನೀರಿನ ಅಣ್ಣನಿಗೆ ಬುರುಡೆ ಹಾಕಲು ತಂತಿಯ ಬುಟ್ಟಿ ಮಾಡಿಸಿಕೊಟ್ಟೆವು, ವಾರಕ್ಕೆರಡು ಸಲ ಗಾಡಿ ಬಂದು ಒಯ್ಯುವ ಏರ್ಪಾಡು ಮಾಡಿದೆವು. ಆಮೇಲೆ ಆ ಮೂಲೆಯನ್ನು ನಮಗಿಂತ ಹೆಚ್ಚು ಕಾದವರು ಅವರೇ.

ಎರಡು ತಿಂಗಳ ಕಾವಲು

ಮೊದಲ ಮೂರು ದಿನ ಬೆಳಗ್ಗೆ ಆರಕ್ಕೂ ರಾತ್ರಿ ಒಂಬತ್ತೂವರೆಗೂ ಇಬ್ಬಿಬ್ಬರು ಅಲ್ಲಿರಬೇಕು. ಚೀಲ ಹಿಡಿದು ಬಂದವರಿಗೆ ಏನು ಹೇಳಬೇಕು? ನಾವು ಹೇಳುತ್ತಿದ್ದದ್ದು ಇಷ್ಟೇ: "ನಮಸ್ಕಾರ ಸಾರ್, ಇಲ್ಲಿ ಈಗ ಹಾಕ್ತಿಲ್ಲ. ಆಟೊ ಒಂಬತ್ತೂಕಾಲಿಗೆ ನಿಮ್ಮ ಮನೆ ಮುಂದೇನೇ ಬರುತ್ತೆ. ನೀವು ಮನೇಲಿ ಇರಲ್ಲ ಅಂದ್ರೆ ನಮ್ಮ ಗೇಟಲ್ಲಿ ಇಟ್ಟು ಹೋಗಿ, ನಾವು ಕೊಡ್ತೀವಿ." ಹತ್ತರಲ್ಲಿ ಒಂಬತ್ತು ಜನ ನಾಚಿಕೊಂಡು ವಾಪಸ್ಸು ಹೋದರು. ಒಬ್ಬರು ಜಗಳಕ್ಕೆ ಬಂದರು. ಅವರ ಜೊತೆ ವಾದ ಬೇಡ. ಅವರು ಬಿಟ್ಟು ಹೋದ ಚೀಲವನ್ನು ತಕ್ಷಣ ಎತ್ತಿಬಿಡಿ.

ಇಡೀ ಕಾವಲಿನ ಗುಟ್ಟು ಅದೇ: ಮೊದಲ ಚೀಲ ಅಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಇರಬಾರದು. ಎರಡನೆಯ ಚೀಲಕ್ಕೆ ಮೊದಲನೆಯದು ದಾರಿ ತೋರಿಸುತ್ತದೆ.

ಮೂರು ವಾರ ದಿನಾ ಬೆಳಗ್ಗೆ ಅಲ್ಲಿ ಯಾರಾದರೂ ರಂಗೋಲಿ ಹಾಕಿ. ಪಾಲಿಕೆಯವರೂ ಬೆಂಗಳೂರಿನ ಎಷ್ಟೋ ಕಸದ ಮೂಲೆಗಳಲ್ಲಿ ಹೀಗೆ ಮಾಡಿಸಿದ್ದಾರೆ. ರಂಗೋಲಿಯ ಮೇಲೆ ಕಸ ಎಸೆಯಲು ನಮ್ಮ ಜನಕ್ಕೆ ಮನಸ್ಸು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಇವತ್ತು ಬೆಳಗ್ಗೆ ಇಲ್ಲಿಗೆ ಯಾರೋ ಬಂದಿದ್ದರು ಅಂತ ಅದು ಹೇಳುತ್ತದೆ. ಆಮೇಲೆ ವಾರಕ್ಕೆರಡು ಸಲ ನೋಡಿದರೆ ಸಾಕು. ಪೋಸ್ಟರ್ ಬಿದ್ದರೆ ಅದೇ ದಿನ ತೆಗೆಯಿರಿ. ಗೋಡೆ ಅಂದಗೆಡಿಸುವುದರ ವಿರುದ್ಧ 1981ರಿಂದಲೇ ಕರ್ನಾಟಕದಲ್ಲಿ ಕಾಯ್ದೆ ಇದೆ, ಆದರೆ ಕಾಯ್ದೆಗಿಂತ ಬೇಗ ಕೆಲಸ ಮಾಡುವುದು ಒಂದು ಬಕೆಟ್ ನೀರು ಮತ್ತು ಪಟ್ಟಿ. ಉಳಿದ ಬಣ್ಣವನ್ನು ಅರ್ಧ ಲೀಟರ್ ಡಬ್ಬದಲ್ಲಿ ಗಟ್ಟಿ ಮುಚ್ಚಿಟ್ಟುಕೊಳ್ಳಿ, ತೇಪೆ ಹಾಕಲು ಬೇಕು.

ಎರಡು ತಿಂಗಳಲ್ಲಿ ಒಂದೆರಡು ಸಲ ಮತ್ತೆ ಗುಡ್ಡೆ ಬಿದ್ದೇ ಬೀಳುತ್ತದೆ. ನಮಗೂ ಬಿತ್ತು, ಆಟೊ ಮೂರು ದಿನ ಬರದಿದ್ದಾಗ. ಅದನ್ನು ಸೋಲು ಅಂದುಕೊಳ್ಳಬೇಡಿ. ನೋಟ್‌ಬುಕ್ ಮತ್ತೆ ತೆಗೆದು, ಯಾವ ಕೊಂಡಿ ಕಳಚಿತು ಅಂತ ನೋಡಿ. ಬೆಂಗಳೂರಿನಲ್ಲಾದರೆ 1533ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ವರ್ಷದ ಮೂರು ಕಷ್ಟದ ಕಾಲ

ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರುತ್ತದೆ. ನಾಲ್ಕಡಿ ಎತ್ತರದ ತಂತಿ ಬಲೆಯ ಬುಟ್ಟಿ ಮಾಡಿಸಿ, ಎಲೆ ತುಂಬಿ, ಮಧ್ಯೆ ಮಧ್ಯೆ ಸಗಣಿ ನೀರೋ ಹುಳಿ ಮಜ್ಜಿಗೆಯೋ ಚಿಮುಕಿಸಿ, ಒದ್ದೆ ಇಟ್ಟರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಅದು ಅದೇ ಮೂಲೆಯ ಗಿಡಗಳಿಗೆ ಸಾಕಾಗುತ್ತದೆ. ಮಳೆಗಾಲ ಮುಗಿದ ಮೇಲೆ ಗೋಡೆಯ ಪಾಚಿ ಉಜ್ಜಿ ಇನ್ನೊಂದು ಕೋಟ್ ಬಣ್ಣ.

ಎಲ್ಲಕ್ಕಿಂತ ಕಷ್ಟ ಆಯುಧ ಪೂಜೆಯ ಮಾರನೇ ದಿನ. ಬಾಳೆ ಕಂದು, ಮಾವಿನ ಸೊಪ್ಪು, ಒಡೆದ ಬೂದುಗುಂಬಳ ಎಲ್ಲವೂ ಮಾರಾಟವಾಗದೆ ಉಳಿದದ್ದರ ಜೊತೆ ಸೇರಿ ತಿರುವುಗಳಲ್ಲೇ ಬೀಳುತ್ತವೆ. ರಸ್ತೆ ಮಧ್ಯೆ ಒಡೆದ ಕುಂಬಳಕ್ಕೆ ಜಾರಿ ಸ್ಕೂಟರಿನವರು ಬೀಳುತ್ತಾರೆ. ಹಬ್ಬಕ್ಕೆ ಒಂದು ವಾರ ಮೊದಲೇ ಅಂಗಡಿಯವರ, ಗ್ಯಾರೇಜಿನವರ ಹತ್ತಿರ ಹೋಗಿ ಕುಂಬಳವನ್ನು ಬಾಗಿಲ ಪಕ್ಕಕ್ಕೆ ಒಡೆಯಿರಿ, ಪೂಜೆಯಾದ ಮೇಲೆ ಚೂರುಗಳನ್ನು ಈ ಚೀಲಕ್ಕೆ ಹಾಕಿಡಿ ಅಂತ ಹೇಳಿ ಚೀಲ ಕೊಟ್ಟು ಬನ್ನಿ. ಮೂಲೆಯ ವ್ಯಾಪಾರಿಗೆ ಉಳಿದ ಬಾಳೆ ಕಂದು ಎಲ್ಲಿಡಬೇಕು ಅಂತ ಜಾಗ ತೋರಿಸಿ. ವಿಜಯದಶಮಿಯ ದಿನ ಬೆಳಗ್ಗೆ ಏಳಕ್ಕೆ ನಾಲ್ಕು ಜನ ಒಂದು ಮಚ್ಚು ಹಿಡಿದು ಬನ್ನಿ. ಬಾಳೆ ಕಂದನ್ನು ಗೇಣುದ್ದ ತುಂಡು ಮಾಡಿ ಎಲೆಯ ಬುಟ್ಟಿಗೇ ಹಾಕಬಹುದು, ಅದರಲ್ಲಿ ನೀರಿನ ಅಂಶ ಹೆಚ್ಚು, ಒಣ ಎಲೆಯ ಜೊತೆ ಚೆನ್ನಾಗಿ ಕೊಳೆಯುತ್ತದೆ. ಒಂಬತ್ತಕ್ಕೆ ಕೆಲಸ ಮುಗಿಯುತ್ತದೆ, ಮನೆಗೆ ಹೋಗಿ ಹಬ್ಬದ ಊಟಕ್ಕೆ ಕೂರಬಹುದು.